ನನ್ನ ಟಿಕೇಟಿನ ರೇಟು

ಹಡಗಿನಲ್ಲಿ ಹೋಗಬೇಕು ಅಂತ ನನಗೆ ಆಸೆಯಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಎಲ್ಲರೂ ನಂಬಿರುವುದು ಬೇರೆ. ಅಕ್ಕನಿಗೆ ಹಡಗಿನ ಹೆಸರೆತ್ತಿದರೆ ಆಗುತ್ತಿರಲಿಲ್ಲ, ತಾನೂ ಬರಲಿಲ್ಲ, ಅವ್ವನನ್ನೂ ಬರಗೊಡಲಿಲ್ಲ ಅಂತ ತಮ್ಮ ಈಗಲೂ ನೆಂಟರ ಮುಂದೆ ಹೇಳುತ್ತಾನೆ. ಹೇಳಿಕೊಳ್ಳಲಿ. ನಾನು ಅರವತ್ತು ದಾಟಿದವಳು. ಗಂಡ ಹೋದ ಮೇಲೆ ತವರಿಗೆ ಬಂದು, ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಈ ಮನೆಯಲ್ಲೇ ಉಳಿದೆ. ಹರಿಹರದ ಒಂದು ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಡಿ, ಟೀಚರ್ ಕೆಲಸ ಮಾಡಿ, ನಿವೃತ್ತಳೂ ಆದೆ. ನಮ್ಮ ಶಾಲೆಯ ಪ್ರವಾಸಗಳು ಹಂಪಿಗೋ ಚಿತ್ರದುರ್ಗಕ್ಕೋ ಹೋಗಿ ಮುಗಿಯುತ್ತಿದ್ದವು. ಅಲೆ ಹೇಗೆ ಏಳುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆಯೇ ಹೊರತು ಸಮುದ್ರ ನೋಡಿದವಳಲ್ಲ.

ತಮ್ಮನದು ಟೈಲ್ಸ್ ಅಂಗಡಿ. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಯಾರೋ ಒಬ್ಬರು ಕುಟುಂಬ ಸಮೇತ ಹಡಗಿನಲ್ಲಿ ಹೋಗಿ ಬಂದು, ಫೋಟೋಗಳನ್ನೆಲ್ಲ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದರು. ಅದನ್ನು ನೋಡಿದಾಗಿನಿಂದ ಇವನ ತಲೆಯಲ್ಲಿ ಹುಳು ಬಿಟ್ಟಂತಾಗಿತ್ತು. ಒಂದು ಭಾನುವಾರ ತಿಂಡಿ ತಿನ್ನುವಾಗ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಮಗೆಲ್ಲ ವಿಡಿಯೋ ತೋರಿಸಿದ. ಹಡಗಿನೊಳಗೆ ಲಿಫ್ಟು, ಸಿನಿಮಾ ಹಾಲು, ಜಾರುಬಂಡೆ, ಏನೇನೋ. "ಇದು ಪ್ರೀಮಿಯಂ ಅಕ್ಕ" ಅಂದ. ಬಚ್ಚಲುಮನೆಗೆ ಹಾಕುವ ಟೈಲ್ಸಿಗೂ ಅವನು ಪ್ರೀಮಿಯಂ ಅಂತಲೇ ಅನ್ನುವುದರಿಂದ ನಾನು ಆ ಮಾತಿಗೆ ಬೆಲೆ ಕೊಡಲಿಲ್ಲ. ಆದರೆ ವಿಡಿಯೋದ ಕೊನೆಗೆ ಒಬ್ಬ ಹೆಂಗಸು ಕಟಕಟೆ ಹಿಡಿದು ಸುಮ್ಮನೆ ನೀರು ನೋಡುತ್ತಾ ನಿಂತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ, ಕೈಯಲ್ಲಿ ಸೌಟಿರಲಿಲ್ಲ. ನನ್ನ ಮನಸ್ಸು ಅಲ್ಲಿಗೆ ಹೋಗಿ ಕೂತುಬಿಟ್ಟಿತು.

"ಎಲ್ಲಾರೂ ಹೋಗಾಣ" ಅಂದ ತಮ್ಮ. "ಅವ್ವಗೂ ಸಮುದ್ರ ತೋರಿಸಿದಂಗಾಗ್ತದೆ."

"ನನಗ್ಯಾಕಪ್ಪ ಸಮುದ್ರ?" ಅಂದಳು ಅವ್ವ. ಎಂಬತ್ತು ದಾಟಿದ ಅವಳಿಗೆ ಮಂಡಿನೋವು. ಹಿಡಿದುಕೊಳ್ಳುವವರಿಲ್ಲದೆ ಬಚ್ಚಲಿಗೂ ಹೋಗಲಾರಳು. "ಅಲ್ಲಿ ಪೂಜೆ ಮಾಡ್ಕೊಳ್ಳಾಕೆ ಜಾಗ ಐತೇನು ಕೇಳು ಮೊದಲು."

ಬಡಿವಾರ ಅವ್ವನಿಗಲ್ಲ, ಅವ್ವನಿಗೆ ಸಮುದ್ರ ತೋರಿಸಿದ ಮಗ ಅನ್ನಿಸಿಕೊಳ್ಳುವವನಿಗೆ. ಅದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. 'ಎಲ್ಲಾರೂ' ಅಂದಿದ್ದನಲ್ಲ, ಆ ಮಾತು ನನಗೆ ಹಿತವಾಗಿತ್ತು. ತಮ್ಮ ನನ್ನ ಕಡೆ ತಿರುಗಿ, "ದುಡ್ಡು ಭಾಳ ಹೇಳ್ತಾರಕ್ಕ. ವರ್ತ್ ಐತೋ ಇಲ್ಲೋ ನೀನು ಒಂದು ಸಲ ನೋಡು" ಅಂದ.

ಇದು ನಮ್ಮ ಮನೆಯ ಪದ್ಧತಿ. ಸೀರೆ, ಫ್ರಿಜ್ಜು, ಕಲ್ಯಾಣ ಮಂಟಪ, ಏನೇ ಕೊಳ್ಳುವುದಿದ್ದರೂ ಬಾಡಿಗೆ ಹಿಡಿಯುವುದಿದ್ದರೂ ರೇಟು ಮುರಿಯಲು ನನ್ನನ್ನು ಮುಂದೆ ಮಾಡುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದ ಸಿಟ್ಟು ಬೇಗ ಇಳಿಯುವುದಿಲ್ಲ, ಆದ್ದರಿಂದ ಅಂಗಡಿಯವರು ನನ್ನನ್ನು ಕಂಡರೆ ಹೆದರುತ್ತಾರೆ. ಮನೆಯವರಿಗೆ ನನ್ನ ಈ ಗುಣ ಅಂಗಡಿಯಲ್ಲಿ ಬೇಕು, ಮನೆಯಲ್ಲಿ ಬೇಡ.

ನಾನೂ ತಮ್ಮನೂ ಹೋದ ಟ್ರಾವೆಲ್ಸ್ ಆಫೀಸಿನಲ್ಲಿದ್ದ ಏಜೆಂಟ್ ಮಂಗಳೂರು ಕಡೆಯವನು, ಈ ಊರಿಗೆ ಹೊಸಬ. ಪುಸ್ತಕ ಓದಿದಂತೆ ಕನ್ನಡ ಮಾತಾಡುತ್ತಿದ್ದ. ನಮ್ಮನ್ನು ಕೂರಿಸಿ, ನೀರು ಕೊಟ್ಟು, ಕಂಪ್ಯೂಟರಿನ ಕಡೆ ತಿರುಗಿದ.

"ಒಟ್ಟು ಎಷ್ಟು ಜನ ಸರ್?"

"ಐದು ಮಂದಿರಿ" ಅಂದ ತಮ್ಮ.

ನಾನು ಮನಸ್ಸಿನಲ್ಲೇ ಎಣಿಸಿದೆ. ತಮ್ಮ, ತಮ್ಮನ ಹೆಂಡತಿ, ಇಬ್ಬರು ಮಕ್ಕಳು, ಅವ್ವ. ಇನ್ನೊಂದು ಸಲ ಎಣಿಸಿದೆ. ಎಲ್ಲಿಂದ ಶುರು ಮಾಡಿದರೂ ನಾನು ಆ ಲೆಕ್ಕದೊಳಗೆ ಬರಲಿಲ್ಲ.

"ಇದರಲ್ಲಿ ಫ್ಯಾಮಿಲಿ ಎಷ್ಟು ಜನ?"

"ಫ್ಯಾಮಿಲಿ ಒಬ್ರೇರಿ!" ತಮ್ಮ ಗಾಬರಿಯಾದ.

ನಮ್ಮ ಕಡೆಯ ಗಂಡಸರು ಹೊರಗಿನವರ ಮುಂದೆ ಹೆಂಡತಿ ಅನ್ನುವುದಿಲ್ಲ, ಫ್ಯಾಮಿಲಿ ಅನ್ನುತ್ತಾರೆ. ಫ್ಯಾಮಿಲಿಗೆ ಹುಷಾರಿಲ್ಲ, ಫ್ಯಾಮಿಲಿ ತವರಿಗೆ ಹೋಗಿದಾರೆ, ಹೀಗೆ. ಎಷ್ಟು ಫ್ಯಾಮಿಲಿ ಅಂತ ಕೇಳಿದರೆ ಮರ್ಯಾದಸ್ಥ ಗಾಬರಿಯಾಗದೆ ಇರುತ್ತಾನೆಯೇ? ಮಂಗಳೂರಿನವನಿಗೆ ಇದು ತಲೆಗೆ ಹತ್ತಲಿಲ್ಲ. ಒಮ್ಮೆ ತಮ್ಮನನ್ನು, ಒಮ್ಮೆ ನನ್ನನ್ನು ನೋಡಿ, "ಹಾಗಾದರೆ ಈ ಮೇಡಂ ಫ್ಯಾಮಿಲಿ ಅಲ್ಲವಾ?" ಅಂದ.

"ಅಯ್ಯೋ ಶಿವನೇ, ಅಲ್ಲರಿ!" ತಮ್ಮ ನಾಲಿಗೆ ಕಚ್ಚಿಕೊಂಡ. "ಇವರು ನಮ್ಮಕ್ಕ. ಫ್ಯಾಮಿಲಿ ಮನ್ಯಾಗ ಅದಾರೆ."

ಏಜೆಂಟ್ ತಲೆಯಾಡಿಸಿ ಏನೋ ಒತ್ತಿದ. ನನಗೂ ಒಂದು ಕ್ಷಣ ನಗು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅವನು ಮುಂದಿನ ಮಾತನ್ನು ಗಂಭೀರವಾಗಿಯೇ ಹೇಳಿದ. ಫ್ಯಾಮಿಲಿ ರೂಮಿನಲ್ಲಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಮಾತ್ರ ಜಾಗ. ಅಜ್ಜಿಗೆ ಏನು ಮಾಡಬಹುದು ಅಂತ ಮೇಲಿನವರನ್ನು ವಿಚಾರಿಸಿ ತಿಳಿಸುತ್ತಾನೆ. ಅಕ್ಕನವರೂ ಬರುವುದಾದರೆ ಅವರು ಫ್ಯಾಮಿಲಿ ಲೆಕ್ಕಕ್ಕೆ ಬರುವುದಿಲ್ಲ, ಬೇರೆ ರೂಮು ಬೇಕು, ಒಬ್ಬರೇ ಇದ್ದರೂ ಪೂರ್ತಿ ರೂಮಿನ ದುಡ್ಡು ಕಟ್ಟಬೇಕು.

"ಅಕ್ಕ ಬರಾಂಗಿಲ್ಲ ಬಿಡ್ರಿ" ಅಂದ ತಮ್ಮ. "ಅಕ್ಕಗ ಇಂಥವೆಲ್ಲ ಹಿಡಿಸಂಗಿಲ್ಲ."

ಇದನ್ನು ಪ್ರೀತಿಯಿಂದಲೇ ಹೇಳಿದ. ನನಗೆ ಏನು ಹಿಡಿಸುತ್ತದೆ ಅಂತ ಇವನು ಯಾವತ್ತು ಕೇಳಿದ್ದ? ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯನ್ನು ಪಾಪ ಆ ಏಜೆಂಟ್ ಮೇಲೆ ತೀರಿಸಿಕೊಂಡೆ.

ಪ್ರೀಮಿಯಂ ಅಂದರೆ ಏನು, ಒಂದೊಂದಾಗಿ ಬಿಡಿಸಿ ಹೇಳಿ ಅಂದೆ. ಅವನು ಈಜುಕೊಳ ಅಂದ. "ಸುತ್ತಾಕಡೆ ಸಮುದ್ರ ಇಟ್ಕೊಂಡು ಒಳಗೊಂದು ನೀರಿನ ತೊಟ್ಟಿ, ಅದಕ್ಕೂ ಚಾರ್ಜೇನ್ರಿ?" ಅಂದೆ. ಅವನು ಹತ್ತಾರು ದೇಶಗಳ ಊಟ ಅಂದ. "ನಾವು ಮಾಂಸ ಮುಟ್ಟಲ್ಲ, ಕುಡಿಯಲ್ಲ. ಅದರ ದುಡ್ಡು ಕಳೀರಿ. ರೊಟ್ಟಿ ಇರ್ತಾವೇನು?" ಅವನು ಬ್ರೆಡ್ ಇರುತ್ತದೆ ಮೇಡಂ ಅಂದ. ಬ್ರೆಡ್ ತಿನ್ನಲು ದುಡ್ಡು ಕೊಡುವುದಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಮಲಗುತ್ತೇವೆ ಅಂದೆ. ತಮ್ಮ ಪಕ್ಕದಲ್ಲಿ ಕೂತು ಸಂತೋಷದಿಂದ ಕಾಲು ಅಲ್ಲಾಡಿಸುತ್ತಿದ್ದ. ಅವನ ಪ್ರಕಾರ ಅಕ್ಕ ತನಗಾಗಿ ಹೊಡೆದಾಡುತ್ತಿದ್ದಳು. ನಾನು ಯಾರಿಗಾಗಿಯೂ ಹೊಡೆದಾಡುತ್ತಿರಲಿಲ್ಲ, ಸಿಕ್ಕಿದವರನ್ನು ಹೊಡೆಯುತ್ತಿದ್ದೆ. ಕೊನೆಗೆ ಏಜೆಂಟ್ ಬೆವರು ಒರೆಸಿಕೊಂಡು ಎರಡು ಸಲ ರೇಟು ಇಳಿಸಿದ. ಇಳಿದ ಮೇಲೂ, ನಮ್ಮಲ್ಲಿ ಆ ದುಡ್ಡಿಗೆ ಒಂದು ಸಣ್ಣ ಮದುವೆ ಮುಗಿಯುತ್ತಿತ್ತು.

"ಇದರಾಗ ಹೋಗಿ ಬಂದೋರು ಯಾರಾದ್ರೂ ಇದಾರೇನು? ಅವರನ್ನ ಕೇಳದೆ ನಾವು ಮುಂದುವರಿಯಂಗಿಲ್ಲ" ಅಂದೆ. ಮಿಕ್ಸಿ ಕೊಳ್ಳುವಾಗಲೂ ನಾನು ಹಾಗೇ ಮಾಡಿದ್ದೆ. ಅವನು ಹರಿಹರದ ಒಂದು ಮನೆಯ ವಿಳಾಸ ಕೊಟ್ಟ.

ಮುಂದಿನ ವಾರ ತಮ್ಮನ ಕಾರಿನಲ್ಲಿ ಅಲ್ಲಿಗೆ ಹೋದೆವು. ಮನೆಯ ಯಜಮಾನರು ಫ್ಯಾಕ್ಟರಿಯಿಂದ ನಿವೃತ್ತರಾದವರು. "ಬರ್ರಿ, ಕೂಡ್ರಿ" ಅಂತ ಕೂರಿಸಿದವರೇ ಟಿವಿ ಹಚ್ಚಿ, ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಅದರಲ್ಲಿ ಬರುವಂತೆ ಮಾಡಿದರು. ಯಜಮಾನರು ಟೋಪಿ ಹಾಕಿಕೊಂಡಿದ್ದು, ಮಗ ಸೊಸೆ ನೀರಿಗೆ ಬೆನ್ನು ಮಾಡಿ ನಿಂತಿದ್ದು, ಮೊಮ್ಮಗ ಐಸ್‌ಕ್ರೀಮಿನ ಮುಂದೆ ಅಳುತ್ತಿದ್ದದ್ದು. ತಮ್ಮ ಪ್ರತಿಯೊಂದಕ್ಕೂ ಹೌದಾ, ಹೌದಾ ಅನ್ನುತ್ತಿದ್ದ. ನಾನು ಯಜಮಾನರ ಹೆಂಡತಿಯನ್ನು ಹುಡುಕುತ್ತಿದ್ದೆ. ಒಂದು ಫೋಟೋದಲ್ಲೂ ಆಕೆ ಇರಲಿಲ್ಲ.

ಆಕೆ ಇದ್ದದ್ದು ಅಡುಗೆಮನೆಯಲ್ಲಿ, ನಮಗೆ ಮಂಡಕ್ಕಿ ಕಲಸುತ್ತಾ. ಸುಮಾರು ನನ್ನದೇ ವಯಸ್ಸು. ನಾನು ಎದ್ದು ಒಳಗೆ ಹೋಗಿ, "ನೀವು ಹಡಗಿಗೆ ಹೋಗಿರಲಿಲ್ಲೇನ್ರಿ?" ಅಂತ ಕೇಳಿದೆ.

"ಹೋಗಿದ್ದೆರಿ. ನಮ್ಮ ಅತ್ತೇರು ಬಂದಿದ್ರಲ್ಲ, ಅವರ ಜೊತಿಗೆ ರೂಮಿನಾಗ ಇದ್ದೆ. ಅವರಿಗೆ ಎದ್ದು ಓಡಾಡಾಕ ಆಗ್ತಿರಲಿಲ್ಲ."

"ಸಮುದ್ರ ಹೆಂಗಿತ್ತು?"

ಆಕೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಯೋಚನೆ ಮಾಡಿದಳು. "ಅಲ್ಲಾಡ್ತಿತ್ತು" ಅಂದಳು. "ನಮ್ಮ ರೂಮಿಗೆ ಕಿಟಕಿ ಇರಲಿಲ್ಲರಿ. ಮಂಚ ಅಲ್ಲಾಡಿದಾಗ, ಓ ಸಮುದ್ರದಾಗ ಅದೀವಿ ಅಂತ ಗೊತ್ತಾಗೋದು."

"ಕಿಟಕಿ ಇರೋ ರೂಮು ಕೇಳಬೇಕಿತ್ತು."

"ನನ್ನ ಟಿಕೇಟು ಫ್ರೀ ಇತ್ತಲ್ರಿ. ವಯಸ್ಸಾದೋರನ್ನ ನೋಡ್ಕೊಳ್ಳೋರು ಅಂತ ಬರಸಿದ್ರು. ಕೊಳ್ಳಾಗ ಕಾರ್ಡು ಹಾಕ್ತಾರೆ, ಎಲ್ಲಾರ್ದೂ ನೀಲಿ, ನಂದು ಬೂದಿ ಬಣ್ಣದ್ದು. ಫ್ರೀ ಬಂದೋರು ಕಿಟಕಿ ಕೇಳಾಕ ಆಗ್ತದೇನು?"

ಆಕೆ ಇದನ್ನು ದೂರು ಅಂತ ಹೇಳಲಿಲ್ಲ. ತಟ್ಟೆಗೆ ಮಂಡಕ್ಕಿ ಹಾಕುತ್ತಾ, ಖಾರ ಸಾಕೇನ್ರಿ ಅಂತ ಕೇಳುವ ದನಿಯಲ್ಲೇ ಹೇಳಿದಳು. ನನಗೆ ಆಕೆಯ ಗಂಡನ ಮೇಲೆ, ಮಗನ ಮೇಲೆ, ಟಿವಿಯಲ್ಲಿ ಅಳುತ್ತಿದ್ದ ಆ ಕೂಸಿನ ಮೇಲೂ ಸಿಟ್ಟು ಬಂತು. ಆಕೆಯ ಮೇಲೂ ಬಂತು. ಹೊರಗೆ ಬಂದು, ಗಬಗಬ ಮಂಡಕ್ಕಿ ಮುಗಿಸಿ, ಹೊರಡೋಣ ನಡಿ ಅಂತ ತಮ್ಮನನ್ನು ಎಬ್ಬಿಸಿದೆ.

ವಾಪಸು ಬರುವಾಗ ಕಾರು ಇನ್ನೂ ಹರಿಹರ ದಾಟಿರಲಿಲ್ಲ, ಏಜೆಂಟ್ ಫೋನು ಬಂತು. ತಮ್ಮ ಸ್ಪೀಕರಿಗೆ ಹಾಕಿದ. ಮೇಲಿನವರನ್ನು ವಿಚಾರಿಸಿದ್ದಾಯಿತು ಸರ್, ನಿಮಗೊಂದು ಒಳ್ಳೆಯ ಸುದ್ದಿ, ಅಂತ ಶುರು ಮಾಡಿದ. ಅಜ್ಜಿಗೆ ಒಳಗಿನ ಒಂದು ರೂಮು ಕಡಿಮೆ ರೇಟಿಗೆ ಸಿಗುತ್ತದೆ. ಅವರ ಜೊತೆ ಒಬ್ಬ ಅಟೆಂಡೆಂಟ್ ಇರಲೇಬೇಕು, ಆದರೆ ಅಟೆಂಡೆಂಟಿಗೆ ಟಿಕೇಟು ಪೂರ್ತಿ ಫ್ರೀ. ಮೇಡಂ ಅವರನ್ನೇ ಹಾಕಬಹುದಲ್ಲ, ಅವರು ಹೇಗೂ ಫ್ಯಾಮಿಲಿ ಅಲ್ಲ.

ತಮ್ಮ ಸ್ಟೇರಿಂಗ್ ಮೇಲೆ ಕೈ ಬಡಿದ. "ಕೇಳಿದೇನಕ್ಕ? ನಿನ್ನ ಅಟೆಂಡರ್ ಅಂತ ಹಾಕಿದ್ರೆ ಫ್ರೀ ಅಂತೆ! ನೀನೂ ಬರಬಹುದು!"

ಅವನು ಅಟೆಂಡೆಂಟ್ ಅನ್ನಲಿಲ್ಲ, ಅಟೆಂಡರ್ ಅಂದ. ನಮ್ಮಲ್ಲಿ ಎಲ್ಲರೂ ಅನ್ನುವುದು ಹಾಗೇ. ನಮ್ಮ ಶಾಲೆಯಲ್ಲೂ ಒಬ್ಬ ಅಟೆಂಡರ್ ಇದ್ದ, ಗಂಟೆ ಹೊಡೆಯುತ್ತಿದ್ದ, ಚಹಾ ತರುತ್ತಿದ್ದ. ಅವನಿಗೆ ಸಂಬಳ ಇತ್ತು, ಭಾನುವಾರ ರಜೆಯಿತ್ತು. ನಾನು ಮನೆಯಲ್ಲಿ ಮಾಡುತ್ತಿದ್ದದ್ದಕ್ಕೆ ಇಷ್ಟು ವರ್ಷ ಹೆಸರಿರಲಿಲ್ಲ, ಅವತ್ತು ಮಂಗಳೂರಿನವನೊಬ್ಬ ಫೋನಿನಲ್ಲಿ ಹೆಸರಿಟ್ಟ, ನನ್ನ ತಮ್ಮ ಅದನ್ನು ನಮ್ಮ ಕನ್ನಡಕ್ಕೆ ತಂದ. ಅವನ ಸಂತೋಷ ನಾಟಕವಲ್ಲ. ಅಕ್ಕನೂ ಬರುತ್ತಾಳೆ ಅಂತ ನಿಜವಾಗಿಯೂ ಖುಷಿಪಟ್ಟಿದ್ದ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಸಂಜೆ ಎಲ್ಲರನ್ನೂ ಹಾಲಿಗೆ ಕರೆದು ಸುದ್ದಿ ಹೇಳಿದ. ಅವನ ಹೆಂಡತಿ, "ಚಲೋ ಆತು ಬಿಡ್ರಿ. ಅಕ್ಕಾರು ಇದ್ರೆ ಅತ್ತೇರದ್ದು ಚಿಂತಿಲ್ಲ, ನಾವು ಆರಾಮಾಗಿ ತಿರುಗಾಡಬಹುದು" ಅಂದಳು. ಅವಳು ಕೆಟ್ಟವಳಲ್ಲ, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುತ್ತದೆ ಅಷ್ಟೇ. ಅವ್ವನೂ, "ಪುಕ್ಕಟೆ ಅಂದಮ್ಯಾಲೆ ಬಾರವ್ವ" ಅಂದಳು.

"ನಾನು ಪುಕ್ಕಟೆ ಬರಂಗಿಲ್ಲ" ಅಂದೆ.

ಎಲ್ಲರೂ ನನ್ನ ಕಡೆ ನೋಡಿದರು.

"ನನ್ನ ಟಿಕೇಟಿನ ಪೂರ್ತಿ ರೇಟು ಕಟ್ಟು. ಕಿಟಕಿ ಇರೋ ರೂಮು ಬೇಕು. ನಿಮ್ಮೆಲ್ಲಾರ ಕೊಳ್ಳಾಗ ಯಾವ ಬಣ್ಣದ ಕಾರ್ಡು ಇರ್ತದೋ ನನ್ನ ಕೊಳ್ಳಾಗೂ ಅದೇ ಇರಬೇಕು. ಅವ್ವನ್ನ ನೋಡ್ಕೊಳ್ಳಾಕ ಪಾಳಿ ಹಾಕ್ಕೊಳ್ಳಾಣ. ಒಂದು ಹೊತ್ತು ನಾನು, ಒಂದು ಹೊತ್ತು ನೀನು, ಒಂದು ಹೊತ್ತು ನಿನ್ನ ಹೆಂಡತಿ."

"ತಲಿ ಕೆಟ್ಟೈತೇನಕ್ಕ?" ತಮ್ಮ ನಕ್ಕ. "ಫ್ರೀ ಕೊಡ್ತೀವಿ ಅಂದ್ರೆ, ಬ್ಯಾಡ ದುಡ್ಡು ತಗೊಳ್ರಿ ಅಂತಾರೇನು ಯಾರಾದ್ರೂ? ನೀನೇನ ಈ ಮಾತು ಹೇಳೋದು?"

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಹುಟ್ಟಿದಾಗಿನಿಂದ ರೇಟು ಇಳಿಸಿಯೇ ಗೊತ್ತಿದ್ದವಳು ಅವತ್ತು ಏರಿಸಲು ಕೂತಿದ್ದೆ. ಇಳಿಸುವುದು ಸುಲಭ, ಬೇರೆಯವರ ಸಾಮಾನಿಗೆ ಹೆಸರಿಟ್ಟರೆ ಆಯಿತು. ಏರಿಸುವಾಗ ನಮ್ಮ ಸಾಮಾನು ಚೆನ್ನಾಗಿದೆ ಅಂತ ನಾವೇ ಹೇಳಬೇಕಾಗುತ್ತದೆ. ಅದು ನನಗೆ ಬರಲಿಲ್ಲ. ನಾನೂ ಸಮುದ್ರ ನೋಡಬೇಕು ಕಣೋ, ನಿಮ್ಮ ಜೊತೆ ನಿಂತು ನೋಡಬೇಕು ಅನ್ನುವ ಮಾತು ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿ ಬಿಡುತ್ತಿತ್ತು. "ಕಟ್ಟಿದ್ರೆ ಬರ್ತೀನಿ. ಇಲ್ಲದಿದ್ರೆ ಇಲ್ಲ" ಅಂತ ಅಷ್ಟೇ ಅಂದೆ.

ತಮ್ಮ ನಗುವುದನ್ನು ನಿಲ್ಲಿಸಿ ಫೋನು ತೆಗೆದ. ಲೆಕ್ಕ ಹಾಕಿದ. ಅಳಿಸಿ ಇನ್ನೊಮ್ಮೆ ಹಾಕಿದ. ಹೆಂಡತಿಗೆ ತೋರಿಸಿದ, ಅವಳು ಹುಬ್ಬೇರಿಸಿದಳು.

"ಅಷ್ಟು ದುಡ್ಡಿಗೆ ವರ್ತ್ ಇಲ್ಲ ಬಿಡಕ್ಕ" ಅಂದ.

"ಯಾವುದು? ಹಡಗೋ, ನಾನೋ?"

"ಹಡಗು, ಹಡಗು" ಅಂದ. ಎರಡು ಸಲ ಅಂದ. ಆಮೇಲೆ, "ನಿನಗ ಅಷ್ಟು ಹಟ ಇದ್ರೆ ನಿನ್ನ ಎಫ್‌ಡಿ ಐತಲ್ಲ, ಅದರಾಗಿಂದ ಹಾಕ್ಕೊ. ನಾನೇನು ಬ್ಯಾಡ ಅಂತೀನೇನು?" ಅಂದ.

ಹಾಕಬಹುದಿತ್ತು. ನಿವೃತ್ತಿಯಾದಾಗ ಶಾಲೆಯಿಂದ ಬಂದ ದುಡ್ಡು ಬ್ಯಾಂಕಿನಲ್ಲೇ ಇತ್ತು, ತಿನ್ನುವವರು ಯಾರೂ ಇರಲಿಲ್ಲ. ಆದರೆ ನಾನೇ ದುಡ್ಡು ಕಟ್ಟಿ ಹೋದರೆ ಅದೇ ಹಡಗಿನಲ್ಲಿದ್ದ ಸಾವಿರ ಜನರಲ್ಲಿ ನಾನೂ ಒಬ್ಬಳಾಗುತ್ತಿದ್ದೆ, ಇವರ ಜೊತೆ ಬಂದವಳಾಗುತ್ತಿರಲಿಲ್ಲ. "ನಿನ್ನ ಫ್ಯಾಮಿಲಿ ತನ್ನ ಟಿಕೇಟಿಗೆ ತಾನೇ ದುಡ್ಡು ಹಾಕ್ತಾಳೇನು?" ಅಂತ ಕೇಳಿದೆ.

"ಆಕಿನ್ಯಾಕ ನಡುವೆ ತರ್ತೀಯ?" ತಮ್ಮನಿಗೂ ಸಿಟ್ಟು ಬಂತು. ಆಕೆ ಎದ್ದು ಒಳಗೆ ಹೋದಳು. ಮಕ್ಕಳು ತಲೆ ಬಗ್ಗಿಸಿ ತಮ್ಮ ತಮ್ಮ ಫೋನು ನೋಡತೊಡಗಿದವು. ಅವ್ವ ಇಬ್ಬರಲ್ಲಿ ಯಾರನ್ನು ಬೈಯಬೇಕು ಅಂತ ಗೊತ್ತಾಗದೆ, ಟಿವಿ ಹಚ್ಚು ಅಂದಳು.

ಕೊನೆಗೆ ನಾಲ್ಕೇ ಜನ ಹೋದರು. ಜೊತೆಗೆ ಇರುವವರಿಲ್ಲದೆ ಅವ್ವನನ್ನು ಹಡಗಿನವರು ಹತ್ತಿಸುವುದಿಲ್ಲ, ನಾನು ಹೋಗಲಿಲ್ಲ, ಹಾಗಾಗಿ ಅವ್ವನೂ ಇಲ್ಲ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಏಜೆಂಟ್ ಹೇಳಿದ ಅಳತೆಗೆ ಸರಿಯಾದ ಫ್ಯಾಮಿಲಿ. ನಾನು ಬೆವರಿಳಿಸಿ ಮುರಿದ ರೇಟಿನಲ್ಲೇ ಹೋದರು. ಹೊರಡುವ ದಿನ ದಾರಿಗೆ ಅಂತ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟೆ. ಕೊಡಬಾರದು ಅಂದುಕೊಂಡಿದ್ದೆ, ಕೈ ಕೇಳಲಿಲ್ಲ. ಅವರು ಹೋದ ಮೇಲೆ ಅವ್ವನಿಗೆ ಸ್ನಾನ ಮಾಡಿಸಿ, ಪೂಜೆಗೆ ಕೂರಿಸಿ, ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅಳು ಬರುತ್ತದೆ ಅಂತ ಹೋಗಿದ್ದೆ, ಸಿಟ್ಟೇ ಬಂತು. ಹಡಗಿನಿಂದ ವಿಡಿಯೋ ಕಾಲ್ ಬಂದಾಗಲೆಲ್ಲ ಫೋನನ್ನು ಅವ್ವನ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ಅವ್ವನಿಗೆ ಕಣ್ಣು ಮಂಜು, "ಏನೋ ಬೆಳ್ಳಗ ಕಾಣ್ತದೆ" ಅನ್ನುತ್ತಿದ್ದಳು.

ವಾಪಸು ಬಂದ ದಿನ ಮಧ್ಯಾಹ್ನ ತಮ್ಮ ಬಿಸಿಲಿಗೆ ಮೂಗು ಸುಟ್ಟುಕೊಂಡ ಮುಖದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಜಗಳದ ನೆನಪೇ ಇರಲಿಲ್ಲ ಅವನಿಗೆ. ಊಟ ಹೀಗಿತ್ತು, ಜಾದೂಗಾರ ಹಾಗಿದ್ದ, ಮಕ್ಕಳು ನೀರು ಬಿಟ್ಟು ಮೇಲೆ ಬರಲಿಲ್ಲ ಅಂತ ಹೇಳುತ್ತಲೇ ಇದ್ದ. ನಾನು ಬೆನ್ನು ತಿರುಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದೆ.

"ಒಂದು ಮಾತು ಗೊತ್ತೇನಕ್ಕ?" ಅಂದ. "ನಮ್ಮ ಪಕ್ಕದ್ದೇ ಸಿಂಗಲ್ ರೂಮು ಇತ್ತು, ದೊಡ್ಡ ಕಿಟಕಿ. ಹೋಗಿ ಬರೋತನಕ ಖಾಲೀನೇ ಇತ್ತು. ನಾನು ದಿನಾ ನೋಡ್ತಿದ್ದೆ. ನೀನು ಅಟೆಂಡರ್ ಅಂತ ಬಂದುಬಿಟ್ಟಿದ್ರೆ, ಅಲ್ಲಿ ಯಾರಿಗಾದ್ರೂ ಹೇಳಿ ಅದನ್ನೂ ನಿನಗ ಫ್ರೀ ಕೊಡಿಸ್ತಿದ್ದೆ."

ತಿರುಗಿ ಅವನ ಮುಖ ನೋಡಿದೆ. ಕುಹಕ ಇರಲಿಲ್ಲ. ಅಕ್ಕನಿಗೆ ತಪ್ಪಿಹೋಯಿತಲ್ಲ ಅನ್ನುವ ಸಂಕಟ ಕಣ್ಣಲ್ಲಿ ನಿಜವಾಗಿಯೂ ಇತ್ತು. ನಾನು ಒಲೆ ಆರಿಸಿ, ಕೈ ತೊಳೆದುಕೊಂಡು, ಅವ್ವನ ತಟ್ಟೆ ಒಂದನ್ನೇ ತೆಗೆದುಕೊಂಡು ಅವನ ಪಕ್ಕದಿಂದಲೇ ಹೊರಗೆ ಹೋದೆ. ನಾನು ತವರಿಗೆ ಬಂದಾಗಿನಿಂದ, ಅವನು ಮನೆಯಲ್ಲಿದ್ದೂ ನಾನು ಅವನಿಗೆ ಊಟ ಬಡಿಸದ ದಿನ ಅದೊಂದೇ.